ವಯಸ್ಸು ಹೇಳದ ಗಿಡಗಳು

ಗೆಲಾಕ್ಸಿಗಳು ಹೇಗೆ ಹುಟ್ಟಿ, ಹೇಗೆ ಬೆಳೆದು, ಯಾವ ಬಗೆಯಲ್ಲಿ ಮುಪ್ಪನ್ನೈದುತ್ತವೆ ಎಂಬ ಪ್ರಶ್ನೆಯನ್ನು ಜೀವಮಾನದ ಉದ್ಯೋಗವನ್ನಾಗಿ ಮಾಡಿಕೊಂಡವನಿಗೆ ಒಂದು ಸಂಗತಿ ಮೊದಲ ದಿನದಿಂದಲೇ ತಿಳಿದಿರುತ್ತದೆ: ಒಂದೇ ಒಂದು ಗೆಲಾಕ್ಸಿಯಾದರೂ ಎಳ್ಳಿನ ಮೊನೆಯಷ್ಟು ಬೆಳೆಯುವುದನ್ನು ಅವನು ತನ್ನ ಆಯುಷ್ಯದಲ್ಲಿ ಕಾಣಲಾರ. ನಮ್ಮ ಸೂರ್ಯನು ಆಕಾಶಗಂಗೆಯ ಕೇಂದ್ರವನ್ನು ಒಮ್ಮೆ ಸುತ್ತಿ ಬರುವುದಕ್ಕೆ 20 ಕೋಟಿ ವರ್ಷಗಳಿಗೂ ಮಿಕ್ಕ ಕಾಲ ಬೇಕು. ಮನುಷ್ಯನು ಆಕಾಶವನ್ನು ಕಣ್ಣಿಟ್ಟು ನೋಡತೊಡಗಿದಂದಿನಿಂದ ಇಂದಿನವರೆಗೆ ಆ ಪ್ರದಕ್ಷಿಣೆಯ ಲೆಕ್ಕಕ್ಕೆ ಸಿಕ್ಕುವ ಒಂದು ಹೆಜ್ಜೆಯೂ ಮುಂದೆ ಸಂದಿಲ್ಲ. ಆದುದರಿಂದ ಈ ಶಾಸ್ತ್ರದಲ್ಲಿ ಬೆಳವಣಿಗೆ ಎಂಬುದು ಕಂಡ ವಸ್ತುವಲ್ಲ, ಊಹಿಸಿದ ವಸ್ತು. ಬೇರೆ ಬೇರೆ ವಯಸ್ಸಿನ ಬೇರೆ ಬೇರೆ ಗೆಲಾಕ್ಸಿಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ, ಇದು ಅದಾಯಿತು, ಅದು ಮತ್ತೊಂದಾಯಿತು ಎಂದು ನಾವು ಓದಿಕೊಂಡ ಕಥೆ. ಆ ಸಾಲನ್ನು ಯಾರು ಯಾವ ಧೈರ್ಯದಿಂದ ಜೋಡಿಸಿದರು ಎಂಬ ವಿಚಾರದಲ್ಲಿಯೇ ನನ್ನ ಬಹುಪಾಲು ಆಯುಷ್ಯ ಕಳೆಯಿತು. ನಿವೃತ್ತನಾಗಿ ನೆಲ್ಯಹುದಿಕೇರಿಗೆ ಹಿಂದಿರುಗಿದ ಮೇಲೆ, ಮಳೆಗಾಲದ ತಿಂಗಳುಗಳಲ್ಲಿ ನಕ್ಷತ್ರಗಳ ಮುಖವೇ ಕಾಣದೆ ಕುಳಿತಿರುವಾಗ, ಅದನ್ನೇ ಮೆಲುಕುಹಾಕುವ ವಿರಾಮ ದೊರೆತಿದೆ.

ಈ ಕ್ರಮವನ್ನು ಮೊತ್ತಮೊದಲು ಬಾಯಿಬಿಟ್ಟು ಹೇಳಿದವನು ವಿಲಿಯಂ ಹರ್ಷೆಲ್. ತಾನೇ ಉಜ್ಜಿ ನಯಗೊಳಿಸಿದ ದರ್ಪಣಗಳ ನೆರವಿನಿಂದ ಸಾವಿರಾರು ನೀಹಾರಿಕೆಗಳನ್ನು ಪಟ್ಟಿಮಾಡಿದ ಆ ಮಹನೀಯನು 1789ರಲ್ಲಿ, ಆಕಾಶವು ಸಮೃದ್ಧವಾದ ಒಂದು ಉದ್ಯಾನದಂತಿದೆ, ಮೊಳಕೆಯೊಡೆದುದು, ಹೂಬಿಟ್ಟುದು, ಬಾಡಿದುದು ಎಲ್ಲವೂ ಅಲ್ಲಿ ಏಕಕಾಲಕ್ಕೆ ಕಾಣುತ್ತವೆ, ಹೀಗಿರುವಾಗ ಒಂದು ಗಿಡದ ಜೀವನಚರಿತ್ರೆಯನ್ನು ತಿಳಿಯಲು ಅದರ ಬಳಿ ವರ್ಷಾನುಗಟ್ಟಲೆ ಕಾಯುತ್ತ ಕೂರಬೇಕಾಗಿಲ್ಲ ಎಂಬ ಅರ್ಥದ ಮಾತನ್ನು ಬರೆದನು. ಬೆಂಗಳೂರಿನ ಗ್ರಂಥಾಲಯದಲ್ಲಿ ಮೊದಲ ಬಾರಿಗೆ ಇದನ್ನು ಓದಿದಾಗ ನನಗೆ ಸಂತೋಷವಾದುದು ನಿಜ. ಆದರೆ ಅದರ ಬೆನ್ನಿಗೇ ಒಂದು ಅನುಮಾನವೂ ತಲೆಯೆತ್ತಿತು. ಹರ್ಷೆಲನು ಉದ್ಯಾನವನ್ನು ನೋಡಿದ್ದನು. ನಾನು ತೋಟದಲ್ಲಿ ಬೆಳೆದಿದ್ದೆನು.

ನೆಲ್ಯಹುದಿಕೇರಿ ಕಾವೇರಿಯ ದಂಡೆಯ ಊರು. ಸೇತುವೆಯನ್ನು ದಾಟಿದರೆ ಸಿದ್ದಾಪುರ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲ ಮುಗಿಯುತ್ತ ಬಂದಾಗ, ಎಂದರೆ 1956ಕ್ಕೆ ತುಸು ಹಿಂದೆ, ಹುಟ್ಟಿದವನು ನಾನು. ನನ್ನ ತಂದೆಯವರು ಅಲ್ಲಿನ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ಲೈನುಮನೆಗಳಲ್ಲಿ ಮಲಯಾಳ, ತಮಿಳು, ತುಳು, ಯರವ ಮಾತುಗಳು ಒಂದರೊಳಗೊಂದು ಕಲೆತು ಕೇಳುತ್ತಿದ್ದ ಆ ವಠಾರದಲ್ಲಿ ತಂದೆಯವರ ವಶದಲ್ಲಿದ್ದ ಮುಖ್ಯ ವಸ್ತುಗಳೆರಡು: ಹಾಜರಿ ಪುಸ್ತಕ ಮತ್ತು ಯಾವ ಬ್ಲಾಕಿನಲ್ಲಿ ಯಾವ ವರ್ಷ ಯಾವ ಗಿಡ ನೆಟ್ಟರೆಂಬುದನ್ನು ಬರೆದಿಟ್ಟ ದಪ್ಪ ರಟ್ಟಿನ ಪುಸ್ತಕ. ತೋಟ ನೋಡಲು ಬಂದವರು ಒಂದು ಗಿಡವನ್ನು ತೋರಿಸಿ ಇದಕ್ಕೆ ಎಷ್ಟು ವರ್ಷ ಎಂದು ಕೇಳಿದರೆ, ಆ ಗಿಡಗಳ ನಡುವೆಯೇ ತಲೆ ನರೆಸಿಕೊಂಡಿದ್ದ ಅವರು, “ಪುಸ್ತಕ ನೋಡಿ ಹೇಳ್ತೇನೆ, ಸ್ವಾಮೀ” ಎನ್ನುತ್ತಿದ್ದರೇ ಹೊರತು ಕಣ್ಣಳತೆಯ ಉತ್ತರವನ್ನು ಎಂದೂ ಕೊಡುತ್ತಿರಲಿಲ್ಲ. ಇದು ಅವರ ಅತಿ ಜಾಗರೂಕತೆಯೆಂದು ಮೇಸ್ತ್ರಿಗಳು ನಗುತ್ತಿದ್ದುದುಂಟು. ಕಾರಣ ಮಾತ್ರ ಸರಿಯಾಗಿಯೇ ಇತ್ತು. ರೊಬಸ್ಟಾ ಗಿಡ ಸಹಜವಾಗಿಯೇ ದೊಡ್ಡದು, ಅರೇಬಿಕಾ ಚಿಕ್ಕದು. ಗಾತ್ರವೊಂದನ್ನೇ ನಂಬಿ ಎರಡನ್ನೂ ಒಂದು ಸಾಲಿಗೆ ಸೇರಿಸಿದರೆ ಮಗನು ತಂದೆಗಿಂತ ಹಿರಿಯನಾಗುತ್ತಾನೆ. ದಟ್ಟ ನೆರಳಿನ ಕೆಳಗಿನ ಗಿಡ ಸೊರಗಿ ಎಳೆಯದರಂತೆ ಕಾಣುತ್ತದೆ. ಬುಡದವರೆಗೆ ಕಡಿದು ಚಿಗುರಿಸಿದ ಮುದಿಗಿಡವಂತೂ ಎಳೆಯ ರೆಂಬೆಗಳನ್ನು ಹೊತ್ತು, ಬಗ್ಗಿ ಬುಡವನ್ನು ನೋಡಿದವನಿಗಲ್ಲದೆ ಮತ್ತಾರಿಗೂ ತನ್ನ ವಯಸ್ಸನ್ನು ತೋರಿಸುವುದಿಲ್ಲ.

ಆಕಾಶದ ಪರಿಚಯವೂ ಅಲ್ಲಿಯೇ ಆಯಿತು. ಕೊಯಿಲಿನ ತಿಂಗಳುಗಳಲ್ಲಿ ಕಣದ ಮೇಲೆ ಹರವಿದ ಕಾಫಿಯನ್ನು ಕಾಯುವುದಕ್ಕೆ ರಾತ್ರಿ ಇಬ್ಬರು ಮೂವರು ಬೆಂಕಿ ಹಾಕಿಕೊಂಡು ಮಲಗುತ್ತಿದ್ದರು. ಕಳ್ಳರ ಭಯ ಅಷ್ಟಿಷ್ಟು, ಆನೆಯ ಭಯ ಹೆಚ್ಚು. ಸುತ್ತಲೂ ಮರಗಳು ಒತ್ತಾಗಿ ನಿಂತ ಆ ಸೀಮೆಯಲ್ಲಿ ತಲೆಯ ಮೇಲೆ ಅಗಲವಾಗಿ ಬಯಲು ಬಿಟ್ಟಿದ್ದ ಜಾಗವೆಂದರೆ ಕಣವೊಂದೇ. ಡಿಸೆಂಬರಿನ ಸಂಜೆ ದೇವಯಾನಿಯ ಗೆಲಾಕ್ಸಿ ಅಲ್ಲಿ ನೆತ್ತಿಯಿಂದ ಉತ್ತರಕ್ಕೆ ತುಸು ಸರಿದು, ಒರೆಸಿದ ಸುಣ್ಣದ ಗುರುತಿನಷ್ಟೇ ಮಸುಕಾಗಿ, ಬರಿಗಣ್ಣಿಗೆ ಗೋಚರವಾಗುತ್ತಿತ್ತು. ಆ ಮಸುಕು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ್ದೆಂದು ತಿಳಿದುದು ಮುಂದೆ, ಕನ್ನಡದಲ್ಲಿ ಖಗೋಳವನ್ನು ಕುರಿತು ಬರೆಯುತ್ತಿದ್ದವರ ಲೇಖನಗಳಿಂದ. ಅವರಲ್ಲಿ ಜಿ.ಟಿ. ನಾರಾಯಣ ರಾವ್ ನಮ್ಮ ಮಡಿಕೇರಿಯಲ್ಲಿಯೇ ಹುಟ್ಟಿದವರು, ಗಣಿತದ ಅಧ್ಯಾಪಕರು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನದ ಸಂಪಾದಕರು. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವಾಗ ಗಣಿತವನ್ನು ಕಂಡು ಹೆದರಬೇಕಿಲ್ಲವೆಂಬುದನ್ನು ಅವರಿಂದ ಕಲಿತವರು ನಾವು ಅನೇಕರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಸೇರಿದೆನು. ಕೊಡೈಕನಾಲಿನಿಂದ ಅದು ಕೋರಮಂಗಲಕ್ಕೆ ಬಂದು ಕೆಲವೇ ವರ್ಷಗಳಾಗಿದ್ದವು. ವೀಕ್ಷಣೆಯ ಕೆಲಸವೆಲ್ಲ ನಡೆಯುತ್ತಿದ್ದುದು ತಮಿಳುನಾಡಿನ ಜವ್ವಾದು ಬೆಟ್ಟಗಳಲ್ಲಿನ ಕಾವಲೂರಿನಲ್ಲಿ. ಕತ್ತಲೆ ಕೆಡದ ಜಾಗವನ್ನು ಹುಡುಕಿ ಆ ಶ್ರೀಗಂಧದ ಕಾಡನ್ನು ಆರಿಸಿದವರು ವೇಣು ಬಾಪು. 1968ರಲ್ಲಿ ಅಲ್ಲಿ 38 ಸೆಂಟಿಮೀಟರಿನ ಪುಟ್ಟ ದೂರದರ್ಶಕದಿಂದ ಆರಂಭವಾದ ಕಾರ್ಯ, 1972ರಲ್ಲಿ ಜರ್ಮನಿಯಿಂದ ಬಂದ 1 ಮೀಟರಿನ ದೂರದರ್ಶಕದಿಂದ ಬಲಗೊಂಡಿತು. 1977ರಲ್ಲಿ ಯುರೇನಸ್ಸಿನ ಉಂಗುರಗಳ ಶೋಧದಲ್ಲಿ ಅದಕ್ಕೂ ಪಾಲು ಸಂದಿತು. ಬಾಪು 1982ರಲ್ಲಿ, ಅಂತಾರಾಷ್ಟ್ರೀಯ ಖಗೋಳ ಸಂಘದ ಅಧ್ಯಕ್ಷಪದವಿಯಲ್ಲಿರುವಾಗಲೇ, ಮ್ಯೂನಿಕ್ಕಿನಲ್ಲಿ ಕಾಲವಾದರು. ಅವರು ಕಂಡ ದೊಡ್ಡ ಕನಸಾದ 2.34 ಮೀಟರ್ ವ್ಯಾಸದ ದರ್ಪಣವನ್ನು ಬೆಂಗಳೂರಿನ ಕಾರ್ಯಾಗಾರದಲ್ಲಿಯೇ ಉಜ್ಜಿ ನಯಗೊಳಿಸಿ, ಕಾವಲೂರಿನಲ್ಲಿ ಕೂಡಿಸಿ, 1986ರ ಜನವರಿಯಲ್ಲಿ ಅವರ ಹೆಸರಿಟ್ಟು ರಾಷ್ಟ್ರಕ್ಕೆ ಅರ್ಪಿಸಿದರು.

ಅಂದಿನ ವೀಕ್ಷಣೆಯ ರೀತಿಯನ್ನು ಇಂದಿನ ತರುಣರಿಗೆ ಹೇಳಿದರೆ ಪುರಾಣವೆಂದುಕೊಳ್ಳುತ್ತಾರೆ. ಗೆಲಾಕ್ಸಿಯೊಂದರ ಬೆಳಕನ್ನು ರೋಹಿತದರ್ಶಕದ ಕೂದಲಗಲದ ಸೀಳುಗಂಡಿಯ ಮೇಲೆ ಬೀಳಿಸಿ, ಆಕಾಶ ತಿರುಗಿದಂತೆಲ್ಲ ಅದು ಪಕ್ಕಕ್ಕೆ ಜಾರದ ಹಾಗೆ ಕಣ್ಣನ್ನು ಮಸೂರಕ್ಕೆ ಅಂಟಿಸಿ ಗಂಟೆಗಟ್ಟಲೆ ಗುಂಡಿಗಳನ್ನು ಒತ್ತುತ್ತ ನಿಲ್ಲಬೇಕು. ಬಳಿಕ ಆ ಗಾಜಿನ ಫಲಕವನ್ನು ಕತ್ತಲೆಕೋಣೆಗೆ ಒಯ್ದು ದ್ರಾವಣದಲ್ಲಿ ಅದ್ದಿದಾಗ, ಅದೃಷ್ಟವಿದ್ದರೆ, ಕ್ಯಾಲ್ಸಿಯಮ್ಮಿನ ಎರಡು ಕಪ್ಪುಗೆರೆಗಳು ತಮ್ಮ ನಿಜಸ್ಥಾನವನ್ನು ಬಿಟ್ಟು ಕೆಂಪಿನ ಕಡೆಗೆ ತುಸು ಸರಿದು ನಿಂತಿರುತ್ತವೆ. ಆ ಸರಿತವೇ ಕೆಂಪು ಪಲ್ಲಟ. ಅದು ಎಷ್ಟು ದೊಡ್ಡದೋ ಗೆಲಾಕ್ಸಿ ಅಷ್ಟು ದೂರ. ಎಷ್ಟು ದೂರವೋ ಬೆಳಕು ಹೊರಟ ಕಾಲ ಅಷ್ಟು ಹಿಂದೆ. ನಮ್ಮ ಶಾಸ್ತ್ರಕ್ಕೆ ದಕ್ಕಿರುವ ರಟ್ಟಿನ ಪುಸ್ತಕ ಇದೊಂದೇ. ಆದರೆ ತಂದೆಯವರ ಪುಸ್ತಕಕ್ಕೂ ಇದಕ್ಕೂ ಒಂದು ಮುಖ್ಯ ಭೇದವುಂಟು. ಅವರದು ಗಿಡ ನೆಟ್ಟ ವರ್ಷವನ್ನು ಹೇಳುತ್ತಿತ್ತು. ನಮ್ಮದು ಚಿತ್ರ ತೆಗೆದ ವರ್ಷವನ್ನು ಮಾತ್ರ ಹೇಳುತ್ತದೆ. ಆ ಚಿತ್ರದಲ್ಲಿರುವುದು ಅಂದು ಎಳೆಯದಾಗಿತ್ತೋ ಆಗಲೇ ಬಲಿತಿತ್ತೋ ಎಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು.

ಪುಸ್ತಕವಿಲ್ಲದೆ ಜೋಡಿಸಿದ ಸಾಲು ಎಷ್ಟು ದೂರ ಒಯ್ದೀತೆಂಬುದಕ್ಕೆ ಹಬಲನ ವರ್ಗೀಕರಣಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ದೇವಯಾನಿಯಲ್ಲಿ ಸ್ಪಂದಿಸುವ ತಾರೆಯೊಂದನ್ನು ಗುರುತಿಸಿ, ಅದು ನಮ್ಮ ಆಕಾಶಗಂಗೆಯ ಹೊರಗಿನ ಇನ್ನೊಂದು ಗೆಲಾಕ್ಸಿಯೆಂದು ತೋರಿಸಿಕೊಟ್ಟ ಎಡ್ವಿನ್ ಹಬಲನು 1926ರಲ್ಲಿ ಗೆಲಾಕ್ಸಿಗಳನ್ನು ರೂಪಾನುಸಾರ ವಿಂಗಡಿಸಿದನು: ಒಂದು ಕಡೆ ಸುರುಳಿಯಿಲ್ಲದ, ನುಣುಪಾದ, ದೀರ್ಘವೃತ್ತಾಕಾರದವು, ಮತ್ತೊಂದು ಕಡೆ ಬಿಗಿಯಾದ ಸುರುಳಿಯಿಂದ ಮೊದಲಾಗಿ ಸಡಿಲವಾದ ಸುರುಳಿಯವರೆಗಿನವು. ಮೊದಲನೆಯವನ್ನು ಪೂರ್ವವರ್ಗವೆಂದೂ ಕೊನೆಯವನ್ನು ಉತ್ತರವರ್ಗವೆಂದೂ ಕರೆದನು. ನುಣುಪಾದ ಗೋಳವೊಂದು ತಿರುಗುತ್ತ ತಿರುಗುತ್ತ ಚಪ್ಪಟೆಯಾಗಿ ಸುರುಳಿಗಳನ್ನು ಬೀಸುತ್ತದೆಂಬ ಜೇಮ್ಸ್ ಜೀನ್ಸನ ಸಿದ್ಧಾಂತದ ಪ್ರಭಾವವೂ ಅಲ್ಲಿತ್ತು. ಈ ಹೆಸರುಗಳಲ್ಲಿ ಕಾಲದ ಅರ್ಥವನ್ನು ಓದಬಾರದೆಂದು ಹಬಲನೇ ಎಚ್ಚರಿಸಿದ್ದನು. ಆದರೂ ಒಂದು ಸಾಲಿಗೆ ಪೂರ್ವವೆಂದೂ ಉತ್ತರವೆಂದೂ ಹೆಸರಿಟ್ಟ ಮೇಲೆ ಓದುವವನ ಮನಸ್ಸು ಸುಮ್ಮನಿರುತ್ತದೆಯೆ? 1972ರಲ್ಲಿ ಅಲಾರ್ ಮತ್ತು ಯೂರಿ ಟೂಮ್ರೆ ಎಂಬ ಸೋದರರು ಎರಡು ಸುರುಳಿ ಗೆಲಾಕ್ಸಿಗಳು ಪರಸ್ಪರ ಸಮೀಪಿಸಿದರೆ ಏನಾದೀತೆಂದು ಗಣಕಯಂತ್ರದ ಮೂಲಕ ಲೆಕ್ಕಮಾಡಿ ನೋಡಿದರು. ಆಕಾಶದಲ್ಲಿ ವಿಚಿತ್ರವೆಂದು ಬದಿಗೆ ಸರಿಸಿದ್ದ ಉದ್ದಬಾಲದ ಗೆಲಾಕ್ಸಿಗಳೆಲ್ಲ ಆ ಲೆಕ್ಕದಿಂದ ತಾವಾಗಿಯೇ ಮೂಡಿಬಂದವು. ಎರಡು ಸುರುಳಿಗಳು ಡಿಕ್ಕಿಯಾಗಿ ಬೆರೆತು, ತಾರೆಗಳ ಕ್ರಮಬದ್ಧ ಭ್ರಮಣವೆಲ್ಲ ಕದಡಿ, ಕಡೆಗೆ ಉಳಿಯುವುದು ನುಣುಪಾದ ದೀರ್ಘವೃತ್ತಾಕಾರದ ರಾಶಿ. ಸಾಲು ತಿರುಗಿ ನಿಂತಿತು. ಪೂರ್ವವೆಂದುದು ಬಹುಮಟ್ಟಿಗೆ ಪರಿಣಾಮವೆಂದು ತಿಳಿಯಬಂತು.

ನನ್ನ ಪಾಲಿಗೆ ಬಂದ ಕೆಲಸ ಈ ಡಿಕ್ಕಿಗಳ ಬಗೆಗಿನದು. ಕಾವಲೂರಿನ ದೂರದರ್ಶಕಗಳಿಗೆ ನಿಜವಾಗಿ ದೂರದ ಗೆಲಾಕ್ಸಿಗಳು ಎಟುಕುತ್ತಿರಲಿಲ್ಲ. ಹತ್ತಿರದಲ್ಲಿಯೇ ಇದ್ದು ಪರಸ್ಪರ ಕಾದಾಡುತ್ತಿರುವ ಜೋಡಿಗಳನ್ನು ನೋಡಿ, ವಿಶ್ವವು ಇನ್ನೂ ಇಕ್ಕಟ್ಟಾಗಿದ್ದ ಪೂರ್ವಕಾಲದಲ್ಲಿ ಎಲ್ಲೆಡೆಯೂ ನಡೆಯುತ್ತಿದ್ದುದನ್ನು ಊಹಿಸುವುದು ನಮ್ಮ ದಾರಿಯಾಗಿತ್ತು. ಬಡವರ ದಾರಿಯೆಂದು ಯಾರಾದರೂ ಹಾಸ್ಯಮಾಡಿದರೆ ನಾನು ಒಪ್ಪಿಕೊಂಡೇನು. ಆದರೆ ಅದರಲ್ಲಿ ಒಂದು ಲಾಭವಿತ್ತು. ಹತ್ತಿರದ ಗೆಲಾಕ್ಸಿಯಲ್ಲಿ ಅನಿಲ ಎಲ್ಲಿ ಒತ್ತರಿಸಿದೆ, ಹೊಸ ತಾರೆಗಳು ಯಾವ ಅಂಚಿನಲ್ಲಿ ಹೊತ್ತಿಕೊಂಡಿವೆ ಎಂಬುದೆಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ದೂರದ್ದರಲ್ಲಿ ಎಲ್ಲವೂ ಒಂದೇ ಚುಕ್ಕೆ.

ಆ ದಿನಗಳಲ್ಲಿ ನಾನು ಗೌರವದಿಂದ ಓದುತ್ತಿದ್ದ ಲೇಖನಗಳು ಬೀಟ್ರಿಸ್ ಟಿನ್‌ಸ್ಲೆಯವು. ನ್ಯೂಜಿಲೆಂಡಿನಲ್ಲಿ ಬೆಳೆದ ಈ ವಿದುಷಿ ಅರವತ್ತರ ದಶಕದಲ್ಲಿ, ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿರುವಾಗಲೇ, ಗೆಲಾಕ್ಸಿಯೊಳಗಿನ ತಾರೆಗಳಿಗೆ ವಯಸ್ಸಾದಂತೆ ಗೆಲಾಕ್ಸಿಯ ಕಾಂತಿಯೂ ಬಣ್ಣವೂ ಬದಲಾಗಲೇಬೇಕೆಂದು ಗಣಿಸಿ ತೋರಿಸಿದ್ದಳು. ದೊಡ್ಡ ಗೆಲಾಕ್ಸಿಗಳು ಎಂದೆಂದಿಗೂ ಒಂದೇ ಕಾಂತಿಯವೆಂದು ನಂಬಿ, ಅವನ್ನೇ ಅಳತೆಗೋಲಾಗಿಟ್ಟುಕೊಂಡು ವಿಶ್ವದ ಭವಿಷ್ಯವನ್ನು ಅಳೆಯುತ್ತಿದ್ದ ಹಿರಿಯರಿಗೆ ಇದು ಹಿತವಾದ ಮಾತಾಗಿರಲಿಲ್ಲ. ಆಕೆ 1981ರಲ್ಲಿ, ನಲವತ್ತರ ವಯಸ್ಸಿನಲ್ಲಿ, ತೀರಿಕೊಂಡಳು. ಅದಕ್ಕೆ ಮೂರು ವರ್ಷ ಮುನ್ನ ಬುಚರ್ ಮತ್ತು ಎಮ್ಲರ್ ಎಂಬವರು ದೂರದ ಗೆಲಾಕ್ಸಿಗುಚ್ಛಗಳಲ್ಲಿ ನೀಲಿ ಗೆಲಾಕ್ಸಿಗಳು ಇಂದಿನ ಗುಚ್ಛಗಳಲ್ಲಿರುವುದಕ್ಕಿಂತ ಬಹಳ ಹೆಚ್ಚೆಂದು ಕಂಡಿದ್ದರು. ನೀಲಿಯೆಂದರೆ ಎಳೆಯ ತಾರೆಗಳ ಬಣ್ಣ. ಕಾಲ ಸರಿದಂತೆ ಗೆಲಾಕ್ಸಿಗಳು ಮಾರ್ಪಡುತ್ತವೆಂಬುದಕ್ಕೆ ಕಣ್ಣಾರೆ ಕಾಣುವ ಸಾಕ್ಷ್ಯ ದೊರೆತುದು ಆಗ. ಅಲ್ಲದೆ, ಸಾವಿರಾರು ಗೆಲಾಕ್ಸಿಗಳು ಕಿಕ್ಕಿರಿದ ಗುಚ್ಛದಲ್ಲಿ ಬಿದ್ದ ಸುರುಳಿ ತನ್ನ ಅನಿಲವನ್ನು ಕಳೆದುಕೊಂಡು ಬೇಗನೆ ಮುದಿಯಾಗುತ್ತದೆಂಬುದೂ ಕ್ರಮೇಣ ಸ್ಪಷ್ಟವಾಯಿತು. ದಟ್ಟ ನೆರಳಿನ ಗಿಡ ಎಳೆಯದಾಗಿ ಕಾಣುತ್ತದೆ. ಇಲ್ಲಿ ಅದಕ್ಕೆ ತಿರುಗುಮುರುಗು. ನೆರೆಹೊರೆಯನ್ನು ನೋಡದೆ ವಯಸ್ಸು ಹೇಳಬಾರದೆಂಬ ಅಂಶ ಮಾತ್ರ ಎರಡೂ ಕಡೆ ಒಂದೇ.

1995ರ ಡಿಸೆಂಬರಿನಲ್ಲಿ ಹಬಲನ ಹೆಸರಿನ ಆಕಾಶ ದೂರದರ್ಶಕವನ್ನು ಸಪ್ತರ್ಷಿಮಂಡಲದ ಬಳಿ ಏನೂ ಇಲ್ಲವೆಂದು ತೋರುತ್ತಿದ್ದ ಒಂದು ಚಿಟಿಕೆ ಆಕಾಶಕ್ಕೆ ಹತ್ತು ದಿನ ತಿರುಗಿಸಿಟ್ಟರು. ಆ ಬರಿದಾದ ಜಾಗದಲ್ಲಿ ಸುಮಾರು 3000 ಗೆಲಾಕ್ಸಿಗಳು ಕಂಡವು. ಆ ಚಿತ್ರ ಬೆಂಗಳೂರಿಗೆ ಬಂದು ತಲಪಿದ ದಿನ ನಮ್ಮ ಸಂಸ್ಥೆಯ ಮೊಗಸಾಲೆಯಲ್ಲಿ ಯಾರೂ ತಮ್ಮ ಕೋಣೆಗೆ ಹೋಗಲಿಲ್ಲವೆಂದರೆ ಅತಿಶಯೋಕ್ತಿಯಾಗದು. ಅಂಥ ಚಿತ್ರಗಳಿಂದಲೇ ತಾರೆಗಳು ಹುಟ್ಟುವ ವೇಗದ ಚರಿತ್ರೆಯನ್ನು ಬರೆಯುವುದು ಸಾಧ್ಯವಾಯಿತು: 1380 ಕೋಟಿ ವರ್ಷ ವಯಸ್ಸಿನ ಈ ವಿಶ್ವದಲ್ಲಿ, ಇಂದಿಗೆ ಸುಮಾರು 1000 ಕೋಟಿ ವರ್ಷಗಳ ಹಿಂದೆ ತಾರೆಗಳ ಹುಟ್ಟು ತುತ್ತತುದಿಯಲ್ಲಿದ್ದಿತು; ಅಲ್ಲಿಂದೀಚೆಗೆ ಇಳಿಮುಖ. ನಾವು ಬದುಕಿರುವುದು ಕೊಯಿಲು ಮುಗಿಯುತ್ತ ಬಂದ ಕಾಲದಲ್ಲಿ.

ನಮ್ಮ ದೇಶದವರಿಗೂ ದೂರದ ದಾರಿ ತೆರೆಯಿತು. 2001ರಲ್ಲಿ ಲಡಾಖಿನ ಹಾನ್ಲೆಯಲ್ಲಿ, 4500 ಮೀಟರು ಎತ್ತರದಲ್ಲಿ, ಚಂದ್ರಶೇಖರರ ಹೆಸರಿನ 2 ಮೀಟರಿನ ದೂರದರ್ಶಕ ಕೆಲಸಕ್ಕೆ ನಿಂತಿತು. ಅದನ್ನು ನಡೆಯಿಸುವುದು ಬೆಂಗಳೂರಿನ ಮಗ್ಗುಲಿನ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಉಸಿರಾಡಲು ಗಾಳಿ ಸಾಲದ ಆ ಬೆಟ್ಟದ ಆಕಾಶವನ್ನು ಹೊಸಕೋಟೆಯ ಕುರ್ಚಿಯಲ್ಲಿ ಕುಳಿತು, ಕಾಫಿ ಕುಡಿಯುತ್ತ, ನೋಡುವ ಸುಖ ಒಳ್ಳೆಯದೇ. ಆದರೂ ಮಸೂರಕ್ಕೆ ಕಣ್ಣನ್ನು ಅಂಟಿಸಿ ನಿಂತು ನಡುಗಿದವನಿಗೆ ಅದು ಬೇರೊಬ್ಬರ ಮನೆಯಲ್ಲಿ ಉಂಡಂತೆ. 2015ರ ಸೆಪ್ಟೆಂಬರಿನಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಹೊಸಕೋಟೆಯ ಅದೇ ಆವರಣದಲ್ಲಿ ಜೋಡಿಸಿದ್ದರು. ಅತಿನೇರಳೆ ಕಿರಣ ಎಳೆಯ ತಾರೆಗಳ ಸೊತ್ತು. ತಣ್ಣಗೆ ಮುದಿಯಾದುವೆಂದು ಕೈಬಿಟ್ಟಿದ್ದ ಎಷ್ಟೋ ಗೆಲಾಕ್ಸಿಗಳು ಆ ಬೆಳಕಿನಲ್ಲಿ ತಮ್ಮೊಳಗೆ ಹೊಸ ತಾರೆಗಳಿವೆಯೆಂದು ತೋರಿಸುತ್ತವೆ. ಬುಡಕ್ಕೆ ಕಡಿದು ಚಿಗುರಿಸಿದ ಗಿಡಗಳ ನೆನಪು ನನಗಾದುದು ಇಲ್ಲಿಯೇ. ಪುಣೆಯ ಕನಕ್ ಸಾಹಾ ಮತ್ತು ಅವರ ಸಂಗಡಿಗರು ಇದೇ ಉಪಕರಣದಿಂದ 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಿಂದ ತೀವ್ರವಾದ ಅತಿನೇರಳೆ ಬೆಳಕು ಹೊರಸೂಸುವುದನ್ನು 2020ರಲ್ಲಿ ಪ್ರಕಟಿಸಿದರು. ಆಗ ನಾನು ನಿವೃತ್ತನಾಗಿದ್ದೆನು.

ಅದೇ ಸುಮಾರಿಗೆ ನಡೆದ ಇನ್ನೊಂದು ಪ್ರಯೋಗವನ್ನು ನಾನು ದೂರದಿಂದಲೇ ಹಿಂಬಾಲಿಸಿದೆನು. ನನ್ನ ಅಭಿಪ್ರಾಯದಲ್ಲಿ ಕರ್ನಾಟಕದ ನೆಲದಲ್ಲಿ, ಅಲ್ಲ, ನೀರಿನಲ್ಲಿ ನಡೆದ ಖಗೋಳಕಾರ್ಯಗಳಲ್ಲಿ ಅದಕ್ಕಿಂತ ಸೊಗಸಾದುದು ವಿರಳ. 2019ರ ಆಗಸ್ಟಿನಲ್ಲಿ ನಮ್ಮಲ್ಲಿ ಕಾವೇರಿ ಉಕ್ಕಿ ಹರಿದು ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳು ಕುಸಿದುಬಿದ್ದವು. ನೀರೆಂದರೆ ಬೆಚ್ಚುವ ಆ ದಿನಗಳು ಕಳೆದು ಕೆಲವು ತಿಂಗಳಲ್ಲಿ, ಸಹ್ಯಾದ್ರಿಯ ಇನ್ನೊಂದು ಹೊಳೆಯಾದ ಶರಾವತಿಯ ಹಿನ್ನೀರಿನ ಮೇಲೆ ರಾಮನ್ ಸಂಶೋಧನ ಸಂಸ್ಥೆಯವರು ಸಾರಸ್ ಎಂಬ ರೇಡಿಯೋ ಗ್ರಾಹಕವನ್ನು ತೇಲಿಬಿಟ್ಟರು. ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಹಾಗೆಯೇ ಮಾಡಿದ್ದರು. ನೆಲದ ಮೇಲಿಟ್ಟರೆ ಮಣ್ಣಿನ ಪದರಗಳು ಒಂದೊಂದು ಬಗೆಯಾಗಿ ಪ್ರತಿಫಲಿಸಿ ಅಳತೆಯನ್ನು ಕೆಡಿಸುತ್ತವೆ; ನೀರು ಆಳದವರೆಗೂ ಏಕರೂಪ. ಅವರು ಆಲಿಸಬೇಕಾಗಿದ್ದುದು ಮೊದಲ ಗೆಲಾಕ್ಸಿಗಳು ಬೆಳಗತೊಡಗಿದಾಗ ಅವುಗಳ ನಡುವಣ ಜಲಜನಕವು ಉಳಿಸಿಹೋದ ಅತ್ಯಂತ ಕ್ಷೀಣವಾದ ಗುರುತು. 1420 ಮೆಗಾಹರ್ಟ್ಸ್‌ನಲ್ಲಿ ಹೊರಟುದು ವಿಶ್ವದ ಹಿಗ್ಗುವಿಕೆಯಿಂದ ಹಿಂಜಿ ಹಿಂಜಿ ನೂರಕ್ಕೂ ಕೆಳಗಿಳಿದು ನಮ್ಮನ್ನು ತಲಪುತ್ತದೆ. 78 ಮೆಗಾಹರ್ಟ್ಸ್‌ನ ಸುತ್ತ ಆ ಗುರುತು ದೊರೆಯಿತೆಂದು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಉಪಕರಣವಿಟ್ಟಿದ್ದ ಅಮೆರಿಕದ ತಂಡವೊಂದು 2018ರಲ್ಲಿ ಸಾರಿತ್ತು. ಶರಾವತಿಯ ಅಳತೆ, 2022ರಲ್ಲಿ, ಅದು ಆಕಾಶದ್ದಲ್ಲವೆಂದು 95ಕ್ಕೂ ಮಿಕ್ಕ ಪ್ರತಿಶತ ನಿಶ್ಚಯದಿಂದ ಹೇಳಿತು. ಅದೇ ಅಳತೆಯಿಂದ, ವಿಶ್ವಕ್ಕೆ 20 ಕೋಟಿ ವರ್ಷವಾಗಿದ್ದಾಗಿನ ಗೆಲಾಕ್ಸಿಗಳು ತಮ್ಮ ಅನಿಲದಲ್ಲಿ ಎಷ್ಟು ಪಾಲನ್ನು ತಾರೆಗಳನ್ನಾಗಿ ಮಾಡಿರಬಹುದೆಂಬುದಕ್ಕೂ ಒಂದು ಮೇರೆಯನ್ನು ಕಟ್ಟಿದರು. ಇಲ್ಲ ಎಂಬ ಉತ್ತರಕ್ಕೆ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರ ದೊರೆಯುವುದಿಲ್ಲ. ಆದರೆ ತಪ್ಪುಗಿಡವನ್ನು ಸಾಲಿನಿಂದ ಕಿತ್ತು ಹೊರಗಿಟ್ಟವನ ಉಪಕಾರ ಹೊಸದೊಂದನ್ನು ನೆಟ್ಟವನದಕ್ಕಿಂತ ಕಡಿಮೆಯೆಂದು ನಾನು ಎಣಿಸಲಾರೆ.

ಈಗ ನಮ್ಮ ಸಾಲು ಮತ್ತೆ ಕದಲಿದೆ. 2021ರ ಕ್ರಿಸ್‌ಮಸ್ ದಿನ ಹಾರಿದ ಜೇಮ್ಸ್ ವೆಬ್ ದೂರದರ್ಶಕವು ವಿಶ್ವಕ್ಕೆ ಇನ್ನೂ 30 ಕೋಟಿ ವರ್ಷ ತುಂಬದಿದ್ದ ಕಾಲದ ಗೆಲಾಕ್ಸಿಗಳನ್ನು, ಎಣಿಸಿದುದಕ್ಕಿಂತ ಹೆಚ್ಚು ಕಾಂತಿಯುತವಾಗಿ, ಕಂಡಿದೆ. ಅದರ ಚಿತ್ರಗಳಲ್ಲಿಯೇ ಪುಣೆಯ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ ಅವರು 2025ರಲ್ಲಿ ಅಲಕನಂದಾ ಎಂದು ಹೆಸರಿಟ್ಟ ಸುರುಳಿ ಗೆಲಾಕ್ಸಿಯೊಂದನ್ನು ಗುರುತಿಸಿದರು: ವಿಶ್ವಕ್ಕೆ ಸುಮಾರು 150 ಕೋಟಿ ವರ್ಷವಾಗಿದ್ದಾಗ, ನಮ್ಮ ಗ್ರಂಥಗಳ ಪ್ರಕಾರ ಗೆಲಾಕ್ಸಿಗಳೆಲ್ಲ ಇನ್ನೂ ಮುದ್ದೆಮುದ್ದೆಯಾಗಿ ಹೊಡೆದಾಡುತ್ತಿರಬೇಕಾದ ಕಾಲದಲ್ಲಿ, ಎರಡು ಸುಂದರವಾದ ತೋಳುಗಳನ್ನು ಚಾಚಿ ನಿಂತಿರುವ ಪೂರ್ಣರೂಪದ ಸುರುಳಿ. ಆ ಚಿತ್ರವನ್ನು ಇಲ್ಲಿನ ಮನೆಯಲ್ಲಿ ಮೊಮ್ಮಗಳು ತನ್ನ ಫೋನಿನಲ್ಲಿ ತೋರಿಸಿದಳು. “ತಾತಾ, ಇದು ಇಷ್ಟು ಬೇಗ ದೊಡ್ಡದಾದದ್ದು ಹೇಗೆ?” ಎಂದಳು.

ಎರಡು ಉತ್ತರಗಳು ಚಾಲ್ತಿಯಲ್ಲಿವೆ. ತಣ್ಣನೆಯ ಅನಿಲ ಹೊರಗಿನಿಂದ ಸಮನಾಗಿ ಹರಿದುಬಂದು ತಟ್ಟೆ ಬೇಗನೆ ನೆಲೆಗೊಂಡಿರಬಹುದು, ಅದರಲ್ಲಿ ಅಲೆಯೆದ್ದು ತೋಳುಗಳು ಮೂಡಿರಬಹುದು. ಅಥವಾ ಪಕ್ಕದಲ್ಲಿ ಹಾದುಹೋದ ಚಿಕ್ಕ ಗೆಲಾಕ್ಸಿಯ ಸೆಳೆತಕ್ಕೆ ತೋಳುಗಳು ತಾತ್ಕಾಲಿಕವಾಗಿ ಎದ್ದಿರಬಹುದು. ಅದರ ತಟ್ಟೆ ಶಾಂತವಾಗಿ ಸುತ್ತುತ್ತಿದೆಯೋ, ಅಡ್ಡಾದಿಡ್ಡಿಯಾಗಿ ಕಲಕಿದೆಯೋ ಎಂಬುದನ್ನು ಅಳೆದು ನೋಡಿದರೆ ಯಾವುದು ನಿಜವೆಂದು ತೀರ್ಮಾನಿಸಬಹುದು. ಅದಕ್ಕೆ ಚಿತ್ರ ಸಾಲದು, ಒಳ್ಳೆಯ ರೋಹಿತವೇ ಬೇಕು. ಡಿಕ್ಕಿಗಳನ್ನೇ ನೋಡುತ್ತ ವಯಸ್ಸಾದ ನಾನು ಎರಡನೆಯದರ ಪಕ್ಷಪಾತಿಯೆಂದು ಅವಳಿಗೆ ಹೇಳಿದೆನು. ತನಗೆ ಮೊದಲನೆಯದೇ ಸರಿಯೆನಿಸುತ್ತದೆಂದು ಅವಳು ಹೇಳಿದಳು. ರೋಹಿತ ಬರಲಿ, ನೋಡೋಣ ಎಂಬಲ್ಲಿಗೆ ಇಬ್ಬರ ವಾದವೂ ನಿಂತಿದೆ.